ಕೋಡಿಂಗ್ ಕೋರ್ಸ್ ಸೇರುವ ಮುನ್ನ

ಪಿಯು ಫಲಿತಾಂಶ ಬಂದು, ಸಿಇಟಿ ರ್‍ಯಾಂಕ್ ಗೊತ್ತಾದ ಮೇಲೆ ಎಷ್ಟೋ ಮನೆಗಳಲ್ಲಿ ಒಂದೇ ಮಾತು. ಬಿಇ ಕಂಪ್ಯೂಟರ್ ಸೈನ್ಸ್ ಸಿಗುತ್ತದೋ ಇಲ್ಲವೋ? ಸಿಗದಿದ್ದರೆ ಬಿಸಿಎ ಸಾಕೇ? ಬಿಕಾಂ ಓದುತ್ತಲೇ ಹೊರಗೆ ಪೈಥಾನ್ ಕಲಿತರೆ ಕೆಲಸ ಸಿಗುತ್ತದೆಯೇ? ಅಷ್ಟರಲ್ಲಿ ಮೊಬೈಲಿಗೆ ಜಾಹೀರಾತುಗಳು ಬಂದು ಬೀಳುತ್ತವೆ: ಫುಲ್ ಸ್ಟಾಕ್, ಡೇಟಾ ಸೈನ್ಸ್, ಎಐ, ನೂರಕ್ಕೆ ನೂರು ಪ್ಲೇಸ್‌ಮೆಂಟ್. ಅಪ್ಪ ಅಮ್ಮಂದಿರಿಗೆ ಈ ಹೆಸರುಗಳೇ ಹೊಸವು. ಮಕ್ಕಳಿಗೆ ಹೆಸರು ಗೊತ್ತು, ಒಳಗೆ ಏನಿದೆ ಎಂಬುದು ಗೊತ್ತಿರುವುದಿಲ್ಲ. ಆದ್ದರಿಂದ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕೋರ್ಸನ್ನು ಅದರ ಹೆಸರು ನೋಡಿ ಆರಿಸಬೇಡಿ, ಸಿಲಬಸ್ ಮತ್ತು ಲ್ಯಾಬ್ ನೋಡಿ ಆರಿಸಿ.

ಪ್ರೋಗ್ರಾಮಿಂಗ್ ಎಂದರೆ ಕಂಪ್ಯೂಟರಿಗೆ ಒಂದು ಕೆಲಸವನ್ನು ಹಂತ ಹಂತವಾಗಿ, ಅನುಮಾನಕ್ಕೆ ಎಡೆಯಿಲ್ಲದಂತೆ ಬರೆದು ಕೊಡುವುದು. ಆ ಹಂತಗಳ ಕ್ರಮಕ್ಕೆ ಅಲ್ಗಾರಿದಮ್ ಎನ್ನುತ್ತಾರೆ. ಅದನ್ನು ಸಿ, ಪೈಥಾನ್, ಜಾವಾದಂಥ ಯಾವುದಾದರೂ ಒಂದು ಭಾಷೆಯಲ್ಲಿ ಬರೆದರೆ ಅದು ಕೋಡ್. ಯಾವ ಕಾಲೇಜಿಗೆ ಸೇರಿದರೂ ಕಲಿಯುವುದು ಈ ಎರಡನ್ನೇ: ಕೆಲಸವನ್ನು ಹಂತಗಳಾಗಿ ಒಡೆಯುವುದು, ಒಡೆದದ್ದನ್ನು ಬರೆಯುವುದು. ಮೊದಲನೆಯದು ಕಷ್ಟ, ಎರಡನೆಯದು ಅಭ್ಯಾಸದ ವಿಷಯ.

ಈಗ ದಾರಿಗಳು ಯಾವುವು ನೋಡೋಣ. ಬಿಇ ನಾಲ್ಕು ವರ್ಷ. ಸಿಇಟಿಯಲ್ಲಿ ಎಂಜಿನಿಯರಿಂಗ್ ರ್‍ಯಾಂಕ್ ಕೊಡುವಾಗ ಸಿಇಟಿ ಅಂಕಕ್ಕೆ ಅರ್ಧ, ಪಿಯು ಅಂಕಕ್ಕೆ ಅರ್ಧ ತೂಕ ಇರುತ್ತದೆ. ಪಿಯುನಲ್ಲಿ ಫಿಸಿಕ್ಸ್ ಮತ್ತು ಗಣಿತ ಓದಿರಲೇಬೇಕು. ಸಾಮಾನ್ಯ ವರ್ಗದವರಿಗೆ ಐಚ್ಛಿಕ ವಿಷಯಗಳಲ್ಲಿ ಶೇ 45, ಮೀಸಲಾತಿ ಇರುವವರಿಗೆ ಶೇ 40 ಅಂಕ ಬೇಕು. ಎಸ್ಸೆಸ್ಸೆಲ್ಸಿ ಆದ ಕೂಡಲೇ ಪಾಲಿಟೆಕ್ನಿಕ್ ಸೇರಿದವರು ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು, ನೇರವಾಗಿ ಬಿಇ ಎರಡನೇ ವರ್ಷಕ್ಕೆ ಬರಬಹುದು. ಈ ದಾರಿಯ ಬಗ್ಗೆ ನಮ್ಮಲ್ಲಿ ಸುಮ್ಮನೆ ಒಂದು ತಾತ್ಸಾರ ಇದೆ. ಅದು ಸರಿಯಲ್ಲ. ಡಿಪ್ಲೊಮಾ ಹುಡುಗರ ಕೈ ಲ್ಯಾಬಿನಲ್ಲಿ ಮೊದಲೇ ಪಳಗಿರುತ್ತದೆ.

ಬಿಸಿಎ ಮತ್ತು ಬಿಎಸ್ಸಿ ಕಂಪ್ಯೂಟರ್ ಸೈನ್ಸ್ ಪದವಿ ಕಾಲೇಜುಗಳಲ್ಲಿ ಸಿಗುತ್ತವೆ. ನಡುವೆ ಬಂದ ನಾಲ್ಕು ವರ್ಷದ ಪದವಿಯನ್ನು ರಾಜ್ಯ ಸರ್ಕಾರ 2024-25ರಿಂದ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ತಂದಿದೆ. ಬಿಸಿಎಗೆ ಕಾಮರ್ಸ್ ಓದಿದವರನ್ನೂ ಎಷ್ಟೋ ಕಡೆ ತೆಗೆದುಕೊಳ್ಳುತ್ತಾರೆ. ಆದರೆ ಅರ್ಹತೆ ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ಥರ, ಪ್ರಾಸ್ಪೆಕ್ಟಸ್ ನೋಡಿಯೇ ಅರ್ಜಿ ಹಾಕಿ. ಇನ್ನೊಂದು ವಿಷಯ: 2024-25ರಿಂದ ಬಿಸಿಎ ಕೂಡ ಎಐಸಿಟಿಇ ವ್ಯಾಪ್ತಿಗೆ ಬಂದಿದೆ. ಎಐಸಿಟಿಇ ಎಂದರೆ ತಾಂತ್ರಿಕ ಶಿಕ್ಷಣಕ್ಕೆ ಒಪ್ಪಿಗೆ ಕೊಡುವ ಕೇಂದ್ರದ ಸಂಸ್ಥೆ. ಸೇರುವ ಕಾಲೇಜಿನ ಹೆಸರು ಅವರ ಜಾಲತಾಣದಲ್ಲಿ ಇದೆಯೇ ಎಂದು ನೋಡಿಕೊಳ್ಳಿ. ಐದು ನಿಮಿಷದ ಕೆಲಸ. ದುಡಿಯುತ್ತ ಓದಬೇಕಾದವರಿಗೆ ಇಗ್ನೋದಂಥ ಮುಕ್ತ ವಿಶ್ವವಿದ್ಯಾಲಯದ ಬಿಸಿಎ ಇದೆ. ಐಐಟಿ ಮದ್ರಾಸ್ ಡೇಟಾ ಸೈನ್ಸ್‌ನಲ್ಲಿ ಆನ್‌ಲೈನ್ ಬಿಎಸ್ ಪದವಿ ನಡೆಸುತ್ತಿದೆ. ಅದಕ್ಕೆ ಜೆಇಇ ಬರೆದಿರಬೇಕು ಅಂತೇನಿಲ್ಲ. ಮೊದಲು ಕೆಲವು ವಾರ ಪಾಠ ಕೇಳಿ ಅರ್ಹತಾ ಪರೀಕ್ಷೆ ಪಾಸಾಗಬೇಕು. ಪಾಠ ಮನೆಯಲ್ಲೇ, ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿ ಬರೆಯಬೇಕು. ಬೇರೆ ಕಾಲೇಜಿನ ಪದವಿಯ ಜೊತೆಗೆ ಇದನ್ನೂ ಓದುವವರಿದ್ದಾರೆ.

ಬಿಇ ಸೇರುವವರು ಅತಿ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬ್ರಾಂಚಿನ ಹೆಸರಿಗೆ. ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಷನ್ ಸೈನ್ಸ್, ಎಐ ಅಂಡ್ ಎಂಎಲ್, ಡೇಟಾ ಸೈನ್ಸ್. ನಾಲ್ಕರ ಸಿಲಬಸ್ಸನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲ ಎರಡು ವರ್ಷ ಹೆಚ್ಚುಕಡಿಮೆ ಒಂದೇ: ಸಿ ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್ಸ್, ಜಾವಾ, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ಅಲ್ಗಾರಿದಮ್. ಡೇಟಾ ಸ್ಟ್ರಕ್ಚರ್ಸ್ ಎಂದರೆ ಮಾಹಿತಿಯನ್ನು ಬೇಗ ಹುಡುಕಲು, ಬೇಗ ಸೇರಿಸಲು ಆಗುವ ಹಾಗೆ ಜೋಡಿಸಿಡುವ ವಿಧಾನಗಳು. ವ್ಯತ್ಯಾಸ ಬರುವುದು ಮೂರನೇ ವರ್ಷದ ಐಚ್ಛಿಕ ವಿಷಯಗಳಲ್ಲಿ. ಅಡಿಪಾಯದ ಈ ವಿಷಯಗಳನ್ನು ಚೆನ್ನಾಗಿ ಕಲಿಸುವ ಕಾಲೇಜಿನಲ್ಲಿ ಇನ್ಫರ್ಮೇಷನ್ ಸೈನ್ಸ್ ಸಿಕ್ಕರೆ, ಹೇಗೋ ನಡೆಯುತ್ತಿರುವ ಕಾಲೇಜಿನ ಎಐ ಬ್ರಾಂಚಿಗಿಂತ ಅದೇ ಮೇಲು.

ಚೆನ್ನಾಗಿ ಕಲಿಸುತ್ತಾರೋ ಇಲ್ಲವೋ ತಿಳಿಯುವುದು ಹೇಗೆ? ಮೊದಲು ಸಿಲಬಸ್ ಹಾಳೆ ತೆಗೆಯಿರಿ. ವಿಟಿಯು, ಅಂದರೆ ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯದ ಸಿಲಬಸ್ಸಿನಲ್ಲಿ ಪ್ರತಿ ವಿಷಯದ ಪಕ್ಕ 3:0:2:0 ಎಂಬಂಥ ಅಂಕಿಗಳಿರುತ್ತವೆ. ಮೊದಲನೆಯದು ವಾರಕ್ಕೆ ಎಷ್ಟು ಗಂಟೆ ಪಾಠ, ಎರಡನೆಯದು ಟ್ಯುಟೋರಿಯಲ್, ಮೂರನೆಯದು ಲ್ಯಾಬ್. ಪ್ರೋಗ್ರಾಮಿಂಗ್ ವಿಷಯದಲ್ಲಿ ಆ ಮೂರನೇ ಅಂಕಿಯೇ ಮುಖ್ಯ. ಅದು ಸೊನ್ನೆ ಇದ್ದರೆ ಆ ವಿಷಯವನ್ನು ನೀವೇ ಮನೆಯಲ್ಲಿ ಕೂತು ಮಾಡಿ ಕಲಿಯಬೇಕಾಗುತ್ತದೆ. ಆಮೇಲೆ ಒಂದು ದಿನ ಕಾಲೇಜಿಗೆ ಹೋಗಿ. ಪ್ರಿನ್ಸಿಪಾಲರನ್ನು ಕಾಣುವುದಕ್ಕಿಂತ ಎರಡನೇ ವರ್ಷದ ವಿದ್ಯಾರ್ಥಿಗಳನ್ನು ಕ್ಯಾಂಟೀನಿನಲ್ಲಿ ಮಾತಾಡಿಸುವುದು ಹೆಚ್ಚು ಉಪಯೋಗ. ಲ್ಯಾಬಿನಲ್ಲಿ ಒಬ್ಬರಿಗೆ ಒಂದು ಸಿಸ್ಟಮ್ ಸಿಗುತ್ತದೆಯೇ, ಇಬ್ಬರು ಮೂವರು ಹಂಚಿಕೊಳ್ಳಬೇಕೇ? ಕ್ಲಾಸ್ ಮುಗಿದ ಮೇಲೆ ಲ್ಯಾಬ್ ತೆರೆದಿರುತ್ತದೆಯೇ? ಮೇಷ್ಟ್ರು ರೆಕಾರ್ಡ್ ಬುಕ್ಕಿನ ಪ್ರೋಗ್ರಾಮನ್ನೇ ಬರೆಸುತ್ತಾರೋ, ಸ್ವಲ್ಪ ಬದಲಿಸಿ "ಈಗ ಮಾಡು" ಅನ್ನುತ್ತಾರೋ? ಬದಲಿಸಿ ಕೊಡುವ ಮೇಷ್ಟ್ರು ಇರುವ ಕಾಲೇಜು ಸಿಕ್ಕರೆ ಬಿಡಬೇಡಿ.

ಮುಂದಿನ ಅನುಮಾನ ಇಂಗ್ಲಿಷಿನದು. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗರು, ಅದರಲ್ಲೂ ಹಳ್ಳಿಯಿಂದ ಬಂದ ಹೆಣ್ಣುಮಕ್ಕಳು, ಈ ಒಂದೇ ಭಯಕ್ಕೆ ಕಂಪ್ಯೂಟರ್ ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಲೆಕ್ಕ ಕೇಳಿ. ಕಾಲೇಜಿನಲ್ಲಿ ಕಲಿಸುವ ಆನ್ಸಿ ಸಿ ಭಾಷೆಯಲ್ಲಿ ಕಾಯ್ದಿರಿಸಿದ ಪದಗಳು, ಅಂದರೆ ಆ ಭಾಷೆ ತನಗಾಗಿ ಇಟ್ಟುಕೊಂಡಿರುವ ಪದಗಳು, 32. ಈಗಿನ ಪೈಥಾನಿನಲ್ಲಿ 35. ಅದರಲ್ಲಿ ಮೊದಲ ಸೆಮಿಸ್ಟರಿಗೆ ಬೇಕಾಗುವುದು ಅರ್ಧವೂ ಇಲ್ಲ. ಇಫ್, ಎಲ್ಸ್, ಫಾರ್, ವೈಲ್, ರಿಟರ್ನ್ ಇವಿಷ್ಟರಲ್ಲೇ ಎಷ್ಟೋ ಪ್ರೋಗ್ರಾಮ್ ಮುಗಿಯುತ್ತವೆ. ಪಠ್ಯಪುಸ್ತಕದ ಇಂಗ್ಲಿಷ್ ಕಷ್ಟವಾಗುವುದು ನಿಜ. ಅದಕ್ಕೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಇದೆ. ಲಿನಕ್ಸ್, ಸಿ, ಜಾವಾದಂಥ ವಿಷಯಗಳ ಮೇಲೆ ಹತ್ತು ನಿಮಿಷದ ಆಸುಪಾಸಿನ ವಿಡಿಯೊ ಪಾಠಗಳು, ಕನ್ನಡ ಧ್ವನಿಯಲ್ಲೂ ಇವೆ, ಪೂರ್ತಿ ಉಚಿತ. ಒಂದು ಬದಿಗೆ ವಿಡಿಯೊ, ಇನ್ನೊಂದು ಬದಿಗೆ ನೀವು ಟೈಪ್ ಮಾಡುವ ಕಿಟಕಿ. ಅವರು ಮಾಡಿದ್ದನ್ನು ನಿಲ್ಲಿಸಿ ನಿಲ್ಲಿಸಿ ನೀವೂ ಮಾಡಬೇಕು. ಸುಮ್ಮನೆ ನೋಡಿದರೆ ಅರ್ಥವಾದಂತೆ ಅನ್ನಿಸುತ್ತದೆ, ಅಷ್ಟೆ.

ಗಣಿತ ಬೇಕೇ? ಅಡಿಪಾಯದ ಪ್ರೋಗ್ರಾಮಿಂಗ್‌ಗೆ ಎಸ್ಸೆಸ್ಸೆಲ್ಸಿಯ ಗಣಿತ ಸಾಕು. ಭಾಗಾಕಾರದ ಶೇಷ, ಶೇಕಡಾ ಲೆಕ್ಕ, ಸರಾಸರಿ, ಋಣ ಸಂಖ್ಯೆ ತಡವರಿಸದೆ ಬರಬೇಕು. ಎಐ, ಡೇಟಾ ಸೈನ್ಸ್ ಕಡೆ ಹೋಗುವವರಿಗೆ ಸಂಭವನೀಯತೆ, ಮ್ಯಾಟ್ರಿಕ್ಸ್, ಕ್ಯಾಲ್ಕುಲಸ್ ಬೇಕೇ ಬೇಕು. ಗಣಿತದಿಂದ ತಪ್ಪಿಸಿಕೊಳ್ಳಲು ಬಿಸಿಎ ಸೇರಿ, ಆಮೇಲೆ ಎಐ ಕೋರ್ಸಿಗೆ ದುಡ್ಡು ಕಟ್ಟಿದವರು ಅಲ್ಲಿ ಮತ್ತೆ ಅದೇ ಗಣಿತದ ಮುಂದೆ ನಿಲ್ಲಬೇಕಾಗುತ್ತದೆ.

ಯಾವ ಭಾಷೆ ಮೊದಲು? ಸಿ ಹಳೆಯದು, 1972ರ ಹೊತ್ತಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಕಟ್ಟಿದ್ದು. ಪೈಥಾನ್ 1991ರಲ್ಲಿ ಹೊರಬಂತು, ಮಾಡಿದವರು ಗಿಡೊ ವಾನ್ ರೋಸಮ್. ಸಿ ಕಲಿತರೆ ಕಂಪ್ಯೂಟರ್ ಮೆಮೊರಿ ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿಯುತ್ತದೆ. ಪೈಥಾನ್ ಕಲಿತರೆ ಬೇಗ ಏನಾದರೂ ಮಾಡಿ ನೋಡಬಹುದು. ನನ್ನ ಸಲಹೆ ಇದು. ಕಾಲೇಜು ಶುರುವಾಗುವ ಮುಂಚಿನ ರಜೆಯಲ್ಲಿ ಪೈಥಾನ್ ಹಿಡಿಯಿರಿ. ಕಾಲೇಜು ಶುರುವಾದ ಮೇಲೆ ಅಲ್ಲಿ ಏನು ಕಲಿಸುತ್ತಾರೋ ಅದೊಂದನ್ನೇ ಆ ಸೆಮಿಸ್ಟರ್ ಪೂರ್ತಿ ಮಾಡಿ. ತಿಂಗಳಿಗೊಂದು ಭಾಷೆ ಬದಲಿಸಿದರೆ ಯಾವುದೂ ಕೈಗೆ ಹತ್ತುವುದಿಲ್ಲ.

ಪೂರ್ವಸಿದ್ಧತೆ ಎಂದರೆ ಏನು ಮಾಡಬೇಕು ಎಂಬುದನ್ನು ಒಂದು ಉದಾಹರಣೆಯಲ್ಲೇ ತೋರಿಸುತ್ತೇನೆ. ಒಂದು ಸಂಖ್ಯೆಯ ಅಂಕಿಗಳನ್ನು ಕೂಡುವುದು ಹೆಚ್ಚುಕಡಿಮೆ ಎಲ್ಲ ಕಾಲೇಜಿನಲ್ಲೂ ಮಾಡಿಸುವ ಪ್ರೋಗ್ರಾಮ್. 472 ಕೊಟ್ಟರೆ ಉತ್ತರ 13 ಬರಬೇಕು. ಕಂಪ್ಯೂಟರ್ ಮುಟ್ಟುವ ಮುಂಚೆ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ಸಂಖ್ಯೆ, ಶೇಷ, ಮೊತ್ತ. ಮೊತ್ತ ಮೊದಲಿಗೆ ಸೊನ್ನೆ. 472ನ್ನು ಹತ್ತರಿಂದ ಭಾಗಿಸಿದರೆ ಶೇಷ 2, ಮೊತ್ತ 2 ಆಯಿತು, ಉಳಿದ ಸಂಖ್ಯೆ 47. ಎರಡನೇ ಸುತ್ತು: ಶೇಷ 7, ಮೊತ್ತ 9, ಉಳಿದದ್ದು 4. ಮೂರನೇ ಸುತ್ತು: ಶೇಷ 4, ಮೊತ್ತ 13, ಉಳಿದದ್ದು ಸೊನ್ನೆ. ಸೊನ್ನೆ ಬಂದರೆ ನಿಲ್ಲಬೇಕು. ಹೀಗೆ ಮತ್ತೆ ಮತ್ತೆ ಸುತ್ತುವುದಕ್ಕೆ ಲೂಪ್ ಎನ್ನುತ್ತಾರೆ. ಕಾಗದದ ಮೇಲೆ ಒಂದೊಂದೇ ಸುತ್ತು ಬರೆದು ನೋಡುವುದಕ್ಕೆ ಡ್ರೈ ರನ್ ಅಥವಾ ಟ್ರೇಸಿಂಗ್ ಎನ್ನುತ್ತಾರೆ.

ಇದನ್ನೇ ಸಿ ಭಾಷೆಯಲ್ಲಿ ಬರೆದು, ಅಲ್ಲಿಂದ ಹಾಗೇ ಪೈಥಾನಿಗೆ ತಂದರೆ ಉತ್ತರ 13 ಬರುವುದಿಲ್ಲ, 14.44ರ ಆಸುಪಾಸು ಬರುತ್ತದೆ. ಯಾಕೆ? ಸಿ ಭಾಷೆಯಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ದಶಮಾಂಶ ಬಿದ್ದುಹೋಗುತ್ತದೆ, 472 ಭಾಗಿಸು 10 ಎಂದರೆ 47. ಪೈಥಾನಿನಲ್ಲಿ ಒಂದು ಓರೆಗೆರೆ ಹಾಕಿದರೆ 47.2 ಬರುತ್ತದೆ. ಎರಡು ಓರೆಗೆರೆ ಹಾಕಿದರೆ ಮಾತ್ರ 47. ಡ್ರೈ ರನ್ ಮಾಡಿದವರಿಗೆ ಎರಡನೇ ಸಾಲಿನಲ್ಲೇ ತಪ್ಪು ಕಾಣುತ್ತದೆ. ಮಾಡದವರು ಪಕ್ಕದವರ ಕೋಡ್ ನೋಡಿ ಬರೆದುಕೊಳ್ಳುತ್ತಾರೆ. ಲ್ಯಾಬ್ ಪರೀಕ್ಷೆಯಲ್ಲೂ ಮೊದಲು ಕಾಗದದ ಮೇಲೆ ಬರೆದು ಕೊಡಬೇಕು, ಆಮೇಲೆ ಓಡಿಸಿ ತೋರಿಸಬೇಕು, ಕೊನೆಗೆ ವೈವಾ, ಅಂದರೆ ಮೌಖಿಕ ಪ್ರಶ್ನೆ. ಈ ಮೂರಕ್ಕೂ ತಯಾರಿ ಆ ಮೂರು ಕಾಲಮ್ಮಿನಲ್ಲೇ ಇದೆ.

ಇನ್ನೊಂದು ಪ್ರಯೋಗವನ್ನು ಕನ್ನಡದಲ್ಲೇ ಮಾಡಿ. ಪೈಥಾನಿನಲ್ಲಿ ಲೆನ್ ಎಂಬ ಫಂಕ್ಷನ್ ಇದೆ, ಪದದ ಉದ್ದ ಹೇಳುತ್ತದೆ. ಫಂಕ್ಷನ್ ಎಂದರೆ ಹೆಸರಿಟ್ಟು ಕರೆಯಬಹುದಾದ ಒಂದು ಸಣ್ಣ ಕೆಲಸ. ಅದಕ್ಕೆ "ಕನ್ನಡ" ಎಂದು ಕೊಟ್ಟರೆ 5 ಎನ್ನುತ್ತದೆ. ನಮ್ಮ ಕಣ್ಣಿಗೆ ಮೂರೇ ಅಕ್ಷರ. ಕಂಪ್ಯೂಟರ್ ಯೂನಿಕೋಡ್ ಸಂಕೇತಗಳನ್ನು ಎಣಿಸುತ್ತದೆ: ಕ, ನ, ಅರ್ಧಾಕ್ಷರದ ಗುರುತು, ಮತ್ತೆ ನ, ಡ. ಒತ್ತಕ್ಷರದ ಒಳಗೆ ಏನಿದೆ ಎಂದು ಚಿಕ್ಕಂದಿನಿಂದ ಬಿಡಿಸಿ ಬರೆದ ನಿಮಗೆ ಇದು ಥಟ್ಟನೆ ಹೊಳೆಯುತ್ತದೆ. ಪೈಥಾನಿನಲ್ಲಿ ವೇರಿಯಬಲ್ ಹೆಸರನ್ನು, ಅಂದರೆ ಬೆಲೆ ಇಟ್ಟುಕೊಳ್ಳುವ ಜಾಗದ ಹೆಸರನ್ನು, "ಮೊತ್ತ" ಎಂದು ಕನ್ನಡದಲ್ಲೇ ಇಡಬಹುದು. ಕಲಿಯುವಾಗ ಹಾಗೆ ಮಾಡಿ ನೋಡಿ, ತಪ್ಪೇನಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಎಲ್ಲರೂ ಓದಬೇಕಾದ್ದರಿಂದ ಇಂಗ್ಲಿಷ್ ಹೆಸರೇ ಇಡಬೇಕಾಗುತ್ತದೆ.

ಇಷ್ಟು ಕೈಗೆ ಬಂದ ಮೇಲೆ ನಿಮ್ಮ ಮನೆಯದೇ ಒಂದು ಲೆಕ್ಕ ತೆಗೆದುಕೊಳ್ಳಿ. ಡೇರಿಗೆ ಹಾಲು ಹಾಕುವ ಮನೆಯಾದರೆ ಬೆಳಿಗ್ಗೆ ಸಂಜೆಯ ಲೀಟರ್, ಫ್ಯಾಟ್, ದರ ಬರೆದ ಚೀಟಿಗಳಿರುತ್ತವೆ. ಅವನ್ನು ಕೊಟ್ಟರೆ ಹದಿನೈದು ದಿನದ ಬಟವಾಡೆ ಎಷ್ಟಾಗಬೇಕು ಎಂದು ಹೇಳುವ ಪ್ರೋಗ್ರಾಮ್ ಬರೆಯಿರಿ. ಒಂದು ಹೊತ್ತು ಹಾಲು ಹಾಕದಿದ್ದರೆ ಏನಾಗಬೇಕು? ಲೀಟರಿನ ಜಾಗದಲ್ಲಿ ಯಾರಾದರೂ ಅಕ್ಷರ ಟೈಪ್ ಮಾಡಿದರೆ? ಇಂಥ ಪ್ರಶ್ನೆಗಳು ಎದುರಾದಾಗಲೇ ನಿಜವಾದ ಪ್ರೋಗ್ರಾಮಿಂಗ್ ಶುರುವಾಗುವುದು. ಸಂದರ್ಶನದಲ್ಲಿ "ನೀನೇ ಮಾಡಿದ್ದು ಏನಿದೆ" ಎಂದು ಕೇಳಿದಾಗ ಹೇಳಲು ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಎರರ್ ಬಂದರೆ ಗಾಬರಿ ಬೇಡ. ಕೆಂಪು ಅಕ್ಷರದ ಆ ಸಂದೇಶದಲ್ಲಿ ಮೊದಲು ಸಾಲಿನ ಸಂಖ್ಯೆ ಹುಡುಕಿ, ಆ ಸಾಲನ್ನೂ ಅದರ ಮೇಲಿನ ಸಾಲನ್ನೂ ನೋಡಿ. ಸಿ ಭಾಷೆಯಲ್ಲಿ ಸೆಮಿಕೋಲನ್ ಬಿಟ್ಟುಹೋದರೆ ಎಷ್ಟೋ ಸಲ ಕಂಪೈಲರ್ ಮುಂದಿನ ಸಾಲನ್ನು ತೋರಿಸುತ್ತದೆ. ಕಂಪೈಲರ್ ಎಂದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ. ಪೈಥಾನಿನಲ್ಲಿ ಇಂಡೆಂಟೇಷನ್ ಎರರ್ ಬಂದರೆ ಸಾಲಿನ ಶುರುವಿನ ಖಾಲಿ ಜಾಗ ಹೊಂದುತ್ತಿಲ್ಲ ಎಂದರ್ಥ.

"ಚಾಟ್‌ಜಿಪಿಟಿಯೇ ಕೋಡ್ ಬರೆಯುವಾಗ ನಾವೇಕೆ ಕಲಿಯಬೇಕು?" ಈಗ ಎಲ್ಲರೂ ಕೇಳುವ ಪ್ರಶ್ನೆ. ಅದು ಬರೆದದ್ದು ಸರಿಯೋ ತಪ್ಪೋ ಹೇಳಬೇಕಾದವರು ನೀವು. 14.44 ಎಂಬ ಉತ್ತರ ತಪ್ಪು ಎಂದು ಗುರುತಿಸಲಾಗದಿದ್ದರೆ ಆ ಸಾಧನ ಕೈಯಲ್ಲಿದ್ದೂ ಪ್ರಯೋಜನವಿಲ್ಲ. ಕಲಿಯುವ ಮೊದಲ ವರ್ಷ ಅದರ ಕೈಲಿ ಪ್ರೋಗ್ರಾಮ್ ಬರೆಸಬೇಡಿ. ನೀವು ಬರೆದು ಸಿಕ್ಕಿಹಾಕಿಕೊಂಡಾಗ, "ಈ ಎರರ್ ಏಕೆ ಬಂತು, ಕನ್ನಡದಲ್ಲಿ ವಿವರಿಸು" ಎಂದು ಕೇಳಿ. ಅಷ್ಟಕ್ಕೆ ಅದು ಒಳ್ಳೆಯ ಜೊತೆ.

ಇನ್ನು ಖರ್ಚು. ಕಲಿಕೆಗೆ ದೊಡ್ಡ ಲ್ಯಾಪ್‌ಟಾಪ್ ಬೇಡ. 8 ಜಿಬಿ ರ್‍ಯಾಮ್, 256 ಜಿಬಿ ಎಸ್ಎಸ್‌ಡಿ ಇದ್ದರೆ ಪದವಿಯ ಹೆಚ್ಚಿನ ಕೆಲಸ ನಡೆಯುತ್ತದೆ. ಎಸ್ಎಸ್‌ಡಿ ಎಂದರೆ ವೇಗವಾಗಿ ಓದುವ ಬರೆಯುವ ಡಿಸ್ಕ್. ಹಳೆಯ ಲ್ಯಾಪ್‌ಟಾಪಿಗೆ ಇದೊಂದನ್ನು ಹಾಕಿಸಿದರೂ ಹೊಸ ಜೀವ ಬರುತ್ತದೆ. ಗೇಮಿಂಗ್ ಲ್ಯಾಪ್‌ಟಾಪ್ ಬೇಕೇಬೇಕು ಎಂದು ಮಗ ಹಟ ಹಿಡಿದರೆ, ಯಾವ ವಿಷಯಕ್ಕೆ ಎಂದು ಸಿಲಬಸ್ ತೋರಿಸಲು ಹೇಳಿ. ಹೊಸದಕ್ಕೆ ದುಡ್ಡಿಲ್ಲದಿದ್ದರೆ ಕಚೇರಿಗಳಲ್ಲಿ ಬಳಸಿ ಬಿಟ್ಟ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳು ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಸಿಗುತ್ತವೆ. ಬಿಲ್, ವಾರಂಟಿ ಕೇಳಿ ಪಡೆಯಿರಿ. ಚಾರ್ಜರ್ ತೆಗೆದು ಅರ್ಧ ಗಂಟೆ ಓಡಿಸಿ ಬ್ಯಾಟರಿ ನೋಡಿ. ಕೀಬೋರ್ಡಿನ ಪ್ರತಿ ಕೀ ಒತ್ತಿ ನೋಡಿ. ಅದೂ ಆಗದಿದ್ದರೆ ಆಂಡ್ರಾಯ್ಡ್ ಫೋನಿನಲ್ಲಿ ಪೈಡ್ರಾಯ್ಡ್ ಎಂಬ ಆ್ಯಪ್ ಹಾಕಿಕೊಂಡು ಪೈಥಾನ್ ಶುರು ಮಾಡಬಹುದು. ಸಣ್ಣ ಪರದೆಯಲ್ಲಿ ಬಹಳ ದಿನ ನಡೆಯದು, ಶುರುವಿಗೆ ಅಡ್ಡಿಯಿಲ್ಲ. ತಂತ್ರಾಂಶಕ್ಕೆ ಕಾಸು ಖರ್ಚಿಲ್ಲ. ಪೈಥಾನ್, ಜಿಸಿಸಿ ಕಂಪೈಲರ್, ವಿಎಸ್ ಕೋಡ್, ಲಿನಕ್ಸ್ ಎಲ್ಲವೂ ಉಚಿತ. ಹೊಸಬರಿಗೆ ಥೋನಿ ಎಂಬ ಎಡಿಟರ್ ಸುಲಭ, ಪ್ರೋಗ್ರಾಮ್ ಓಡುವಾಗ ಒಂದೊಂದು ಹೆಜ್ಜೆಯನ್ನೂ ಅದು ತೋರಿಸುತ್ತದೆ.

ಕಾಲೇಜು ಶುಲ್ಕಕ್ಕೆ ಎಸ್ಎಸ್‌ಪಿ, ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಮರೆಯಬೇಡಿ. ತಾಂತ್ರಿಕ ಪದವಿ ಅಥವಾ ಡಿಪ್ಲೊಮಾ ಸೇರುವ ಹೆಣ್ಣುಮಕ್ಕಳಿಗೆ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ಇದೆ, ವರ್ಷಕ್ಕೆ 50,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಿರಬಾರದು, ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳ ತನಕ ಸಿಗುತ್ತದೆ. ಅರ್ಜಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ. ಸಿಇಟಿ ಮೂಲಕ ಸೀಟು ಸಿಕ್ಕವರಿಗೆ ಹಿಂದುಳಿದ ವರ್ಗಗಳ ಹಾಗೂ ಅಲ್ಪಸಂಖ್ಯಾತರ ನಿಗಮಗಳ "ಅರಿವು" ಸಾಲ ಯೋಜನೆಯೂ ಇದೆ.

ಹೊರಗಿನ ಕೋಚಿಂಗ್ ಬಗ್ಗೆ ಖಡಾಖಂಡಿತವಾಗಿ ಹೇಳಬೇಕಾದ ಮಾತು ಒಂದಿದೆ. ಕೆಲವು ಸಂಸ್ಥೆಗಳು "ಈಗ ಏನೂ ಕಟ್ಟಬೇಡಿ, ಕೆಲಸ ಸಿಕ್ಕ ಮೇಲೆ ಕಟ್ಟಿ" ಎನ್ನುತ್ತವೆ. ಕಾಗದದಲ್ಲಿ ಅದು ಫೈನಾನ್ಸ್ ಕಂಪನಿಯೊಂದರಿಂದ ವಿದ್ಯಾರ್ಥಿಯ ಅಥವಾ ಅಪ್ಪನ ಹೆಸರಿನಲ್ಲಿ ತೆಗೆದ ಸಾಲವಾಗಿರಬಹುದು. ಹಾಗಿದ್ದರೆ ಕೋರ್ಸ್ ಬಿಟ್ಟರೂ, ಸಂಸ್ಥೆಯೇ ಮುಚ್ಚಿದರೂ ಇಎಂಐ ತಲೆಯ ಮೇಲೆ ಬರಬಹುದು. ಸಹಿ ಹಾಕುವ ಮುಂಚೆ ಮನೆಗೆ ತಂದು ಪೂರ್ತಿ ಓದಿ. ಫೋನಿಗೆ ಬರುವ ಓಟಿಪಿ ಕೌನ್ಸೆಲರ್‌ಗೆ ಹೇಳಬೇಡಿ. "ಪ್ಲೇಸ್‌ಮೆಂಟ್ ಗ್ಯಾರಂಟಿ" ಎಂದರೆ ಯಾವ ಕೆಲಸ, ಎಷ್ಟು ಸಂಬಳ, ಸಿಗದಿದ್ದರೆ ಎಷ್ಟು ಹಣ ವಾಪಸ್ ಎಂಬುದನ್ನು ಬರಹದಲ್ಲಿ ಕೇಳಿ. ಬರೆದು ಕೊಡದಿದ್ದರೆ ಎದ್ದು ಬನ್ನಿ. ಪದವಿಯ ಮೊದಲ ವರ್ಷದಲ್ಲಿ ಇಂಥ ಕೋರ್ಸಿಗೆ ಲಕ್ಷ ರೂಪಾಯಿ ಸುರಿಯುವ ಅಗತ್ಯ ಯಾರಿಗೂ ಇಲ್ಲ.

ಅದೇ ವಿಷಯಗಳು ಎನ್‌ಪಿಟೆಲ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಐಐಟಿಗಳು ಮತ್ತು ನಮ್ಮ ಐಐಎಸ್‌ಸಿ ಸೇರಿ ನಡೆಸುವ ವೇದಿಕೆ ಅದು. ಸಿ ಭಾಷೆಗೆ ಐಐಟಿ ಖರಗ್‌ಪುರದ ಅನುಪಮ್ ಬಸು ಅವರ ಪಾಠ, ಪೈಥಾನಿಗೆ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟಿನ ಮಾಧವನ್ ಮುಕುಂದ್ ಅವರ ಪಾಠ ಚೆನ್ನಾಗಿವೆ. ತೀರಾ ಹೊಸಬರಾದರೆ ಐಐಟಿ ರೋಪರ್‌ನ ಸುದರ್ಶನ್ ಅಯ್ಯಂಗಾರ್ ಅವರ "ಜಾಯ್ ಆಫ್ ಕಂಪ್ಯೂಟಿಂಗ್" ಇನ್ನೂ ಹಗುರ. ಇಂಗ್ಲಿಷ್ ತಡೆಯುವುದಿಲ್ಲ ಎನ್ನುವವರಿಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಕೂಡ ಇದೆ, ಪಾಠಗಳಿಗೆ ದುಡ್ಡಿಲ್ಲ. ಎನ್‌ಪಿಟೆಲ್‌ನಲ್ಲಿ ಪಾಠ ಕೇಳಲು, ಅಸೈನ್‌ಮೆಂಟ್ ಮಾಡಲು ಹಣ ಕಟ್ಟಬೇಕಿಲ್ಲ. ಸರ್ಟಿಫಿಕೇಟ್ ಬೇಕಾದರೆ ಮಾತ್ರ ಪರೀಕ್ಷಾ ಶುಲ್ಕ, ಸಾಮಾನ್ಯವಾಗಿ ಒಂದು ಕೋರ್ಸಿಗೆ 1,000 ರೂಪಾಯಿ. ಪರೀಕ್ಷೆ ಕೇಂದ್ರದಲ್ಲೇ ನಡೆಯುತ್ತದೆ. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ.

ಹೊಸ ಕೋರ್ಸುಗಳು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈ ಸೆಮಿಸ್ಟರುಗಳಲ್ಲಿ ಶುರುವಾಗುತ್ತವೆ. ಈಗಲೇ ಹೆಸರು ನೋಂದಾಯಿಸಿ, ಮೊದಲೆರಡು ವಾರದ ಅಸೈನ್‌ಮೆಂಟುಗಳನ್ನು ನಿಮ್ಮ ಕೈಯಾರೆ ಮಾಡಿ ನೋಡಿ. ಹಿಡಿಸಿದರೆ ಪರೀಕ್ಷೆಗೆ ಹಣ ಕಟ್ಟಿ.